ಪಿಎಲ್‌ಎಸ್ ಮಾಡೆಲ್ ಕೊಡೋ ಒಂದೊಂದು ಉತ್ತರಕ್ಕೂ ± ಎಷ್ಟು ಅಂತ ಬರೆಯೋದು ಹೇಗೆ?

ಹುಡಿ_ಲ್ಯಾಬ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ವಿಷಯದಲ್ಲಿ ಸಿಕ್ಕಿಹಾಕ್ಕೊಂಡಿದೀನಿ, ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ನಮ್ಮಲ್ಲಿ ಒಂದು ಪೌಡರ್‌ನಲ್ಲಿ ನೀರಿನ ಅಂಶ ಎಷ್ಟಿದೆ ಅಂತ ಎನ್‌ಐಆರ್‌ನಲ್ಲಿ (ನಿಯರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು ಸ್ಪೆಕ್ಟ್ರಮ್ ತೆಗೆಯೋ ಮೆಷಿನ್) ನೋಡ್ತೀವಿ. 60 ಸ್ಯಾಂಪಲ್ ಇಟ್ಕೊಂಡು ಕ್ಯಾಲಿಬ್ರೇಷನ್ ಮಾಡಿದೀನಿ, ರೆಫರೆನ್ಸ್ ಕಾರ್ಲ್ ಫಿಷರ್ ಟೈಟ್ರೇಷನ್ (ರೀಏಜೆಂಟ್ ಹಾಕಿ ನೀರನ್ನ ನೇರವಾಗಿ ಅಳೆಯೋ ವಿಧಾನ), ಒಂದು ಸ್ಯಾಂಪಲ್‌ಗೆ ಒಂದೇ ಟೈಟ್ರೇಷನ್. ರೇಂಜ್ 1.5ರಿಂದ 5.0 ಶೇಕಡಾ. ಎಸ್‌ಎನ್‌ವಿ ಆದ್ಮೇಲೆ ಫಸ್ಟ್ ಡೆರಿವೇಟಿವ್ (ಎರಡೂ ಸ್ಪೆಕ್ಟ್ರಮ್ ಶುಚಿ ಮಾಡೋ ಹಂತಗಳು), ಆಮೇಲೆ ಪಿಎಲ್‌ಎಸ್ (ಇಡೀ ಸ್ಪೆಕ್ಟ್ರಮನ್ನ ಕೆಲವೇ ಫ್ಯಾಕ್ಟರ್‌ಗಳಿಗೆ ಇಳಿಸಿ ಅದರಿಂದ ನೀರಿನ ಅಂಶ ಲೆಕ್ಕ ಹಾಕೋ ರಿಗ್ರೆಷನ್), 4 ಫ್ಯಾಕ್ಟರ್. ಸಾಫ್ಟ್‌ವೇರ್ ತೋರಿಸೋ ಆರ್‌ಎಂಎಸ್‌ಇಸಿ, ಅಂದ್ರೆ ಕ್ಯಾಲಿಬ್ರೇಷನ್ ಸ್ಯಾಂಪಲ್‌ಗಳ ಮೇಲೆ ಮಾಡೆಲ್‌ನ ಮಾಮೂಲಿ ಎರರ್, 0.23. ಬೇರೆಯಾಗಿ ಇಟ್ಟಿದ್ದ 20 ವ್ಯಾಲಿಡೇಷನ್ ಸ್ಯಾಂಪಲ್ ಮೇಲೆ ಅಂಥದ್ದೇ ಎರರ್, ಆರ್‌ಎಂಎಸ್‌ಇಪಿ, 0.28. 1450 ಮತ್ತು 1940 ನ್ಯಾನೋಮೀಟರ್ ಹತ್ರ ನೀರಿನ ಬ್ಯಾಂಡ್ ಚೆನ್ನಾಗಿ ಕಾಣತ್ತೆ, ರಿಗ್ರೆಷನ್ ವೆಕ್ಟರ್ (ಪ್ರತಿ ವೇವ್‌ಲೆಂಗ್ತ್‌ಗೆ ಮಾಡೆಲ್ ಕೊಟ್ಟ ತೂಕಗಳು) ಕೂಡ ಅಲ್ಲೇ ಎದ್ದಿದೆ, ಹಾಗಾಗಿ ಮಾಡೆಲ್ ಬಗ್ಗೆ ನನಗೆ ಭಯ ಇಲ್ಲ.

ಈಗ ಮೇಲಿನವರು ಕೇಳ್ತಿರೋದು, ಪ್ರತಿ ರಿಸಲ್ಟ್ ಪಕ್ಕ ಅನಿಶ್ಚಿತತೆ ಬರೀಬೇಕು ಅಂತ. ನಾನು ಮೂರು ಥರ ಲೆಕ್ಕ ಹಾಕಿದೆ, ಮೂರೂ ಬೇರೆ ಬೇರೆ ಕಡೆ ಎಳೀತಿವೆ. ಕಪ್ ಅಲ್ಲಾಡಿಸದೆ ಹಾಗೇ 10 ಸಲ ಸ್ಕ್ಯಾನ್ ಮಾಡಿದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ 0.03 ಬರತ್ತೆ. ಪ್ರತಿ ಸಲ ಕಪ್ ಖಾಲಿ ಮಾಡಿ ಮತ್ತೆ ತುಂಬಿ ತಟ್ಟಿ ಸ್ಕ್ಯಾನ್ ಮಾಡಿದ್ರೆ 0.09. ಆರ್‌ಎಂಎಸ್‌ಇಪಿ ನೋಡಿದ್ರೆ 0.28, ಅದನ್ನ ಎರಡರಿಂದ ಗುಣಿಸಿದ್ರೆ ± 0.56. 2 ಶೇಕಡಾ ನೀರಿರೋ ಸ್ಯಾಂಪಲ್‌ಗೆ ± 0.56 ಅಂತ ಬರೆದ್ರೆ ಯಾರೂ ಈ ಮೆಥಡ್ ಬಳಸಲ್ಲ, ± 0.06 ಅಂತ ಬರೆದ್ರೆ ಅದು ಸುಳ್ಳು ಅಂತ ನನಗೇ ಅನ್ಸತ್ತೆ.

ಇನ್ನೊಂದು, ಎಲ್ಲಾ ಸ್ಯಾಂಪಲ್‌ಗೂ ಅದೇ ಒಂದು ನಂಬರ್ ಹಾಕೋದು ಸರೀನಾ? ಮೊನ್ನೆ ಒಂದು ಸ್ಯಾಂಪಲ್ 5.6 ಅಂತ ಬಂತು, ಅದು ರೇಂಜ್‌ನಿಂದ ಆಚೆ, ಅದಕ್ಕೂ ಮಧ್ಯದಲ್ಲಿರೋ 3.0ಕ್ಕೂ ಒಂದೇ ± ಅಂದ್ರೆ ನನಗೆ ಒಪ್ಪೋಕಾಗ್ತಿಲ್ಲ. ಒಂದೇ ವೇವ್‌ಲೆಂಗ್ತ್‌ನ ನೇರ ಗೆರೆ ಕ್ಯಾಲಿಬ್ರೇಷನ್‌ಗೆ ಪುಸ್ತಕದಲ್ಲಿ ಫಾರ್ಮುಲಾ ಇದೆ, ಪಿಎಲ್‌ಎಸ್‌ಗೆ ಅಂಥದ್ದು ಏನಿದೆ?

ಹಳೇ_ಸ್ಪೆಕ್ಟ್ರಮ್ ಉತ್ತರ:

ತುಂಬಾ ಒಳ್ಳೆ ಪ್ರಶ್ನೆ, ಮತ್ತೆ ನಂಬರ್‌ಗಳನ್ನ ಬಿಚ್ಚಿ ಕೊಟ್ಟಿದೀರಿ, ಅದಕ್ಕೆ ಥ್ಯಾಂಕ್ಸ್. ಸಾಮಾನ್ಯವಾಗಿ ಜನ ಆರ್‌ಸ್ಕ್ವೇರ್ 0.97 ಅಂತ ಒಂದು ಹಾಕಿ ಸುಮ್ನಾಗ್ತಾರೆ.

ಮೊದಲು ನಿಮ್ಮ ಮೂರು ನಂಬರ್‌ಗಳು ಯಾಕೆ ಜಗಳ ಆಡ್ತಿವೆ ಅಂತ ನೋಡೋಣ. ನಿಜ ಹೇಳಬೇಕಂದ್ರೆ ಅವು ಜಗಳ ಆಡ್ತಾನೇ ಇಲ್ಲ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. 0.03 ಅನ್ನೋದು ಬರೀ ಮೆಷಿನ್ ಗದ್ದಲ, ಅಂದ್ರೆ ಸ್ಪೆಕ್ಟ್ರಮ್‌ನಲ್ಲಿರೋ ನಾಯ್ಸ್ ರಿಗ್ರೆಷನ್ ವೆಕ್ಟರ್ ಮೂಲಕ ಹಾದು ಉತ್ತರಕ್ಕೆ ಬಂದಾಗ ಎಷ್ಟಾಗತ್ತೆ ಅನ್ನೋದು. ಈ ಕ್ಷೇತ್ರದಲ್ಲಿ ಸೆನ್ಸಿಟಿವಿಟಿ ಅಂದ್ರೆ ರಿಗ್ರೆಷನ್ ವೆಕ್ಟರ್‌ನ ಉದ್ದದ ತಲೆಕೆಳಗು, 1 ಭಾಗಿಸು ಆ ಉದ್ದ, ವೆಕ್ಟರ್ ಉದ್ದ ಆದಷ್ಟೂ ನಾಯ್ಸ್ ದೊಡ್ಡದಾಗಿ ಬರತ್ತೆ. ಅದಕ್ಕೇ ಫ್ಯಾಕ್ಟರ್ ಜಾಸ್ತಿ ಹಾಕ್ತಾ ಹೋದ್ರೆ ಫಿಟ್ ಚೆನ್ನಾಗಿ ಕಂಡ್ರೂ ಉತ್ತರ ನಡುಗೋಕೆ ಶುರುವಾಗತ್ತೆ. 0.09ರಲ್ಲಿ ಅದರ ಜೊತೆಗೆ ಪೌಡರ್ ಕೂರೋ ರೀತಿ, ಬೆಳಕು ಚದುರೋದು ಎಲ್ಲಾ ಸೇರಿದೆ. ಆದ್ರೆ ಮಾಡೆಲ್ಲೇ ಸ್ವಲ್ಪ ತಪ್ಪಿದ್ರೆ ನೀವು ನೂರು ಸಲ ಕಪ್ ತುಂಬಿದ್ರೂ ಅದೇ ತಪ್ಪು ನೂರು ಸಲ ಬರತ್ತೆ, ರಿಪೀಟ್ ಮಾಡೋದ್ರಿಂದ ಅದು ಕಾಣೋದೇ ಇಲ್ಲ. ಹಾಗಾಗಿ 0.03 ಮತ್ತು 0.09 ಎರಡೂ ಕಮ್ಮಿ.

ಇನ್ನು 0.28 ಜಾಸ್ತಿ. ಯಾಕೆ ಅಂದ್ರೆ ಆರ್‌ಎಂಎಸ್‌ಇಪಿ ಲೆಕ್ಕ ಹಾಕುವಾಗ ನೀವು ಎನ್‌ಐಆರ್ ಉತ್ತರವನ್ನ ಹೋಲಿಸ್ತಿರೋದು ನಿಜವಾದ ನೀರಿನ ಅಂಶಕ್ಕಲ್ಲ, ಟೈಟ್ರೇಷನ್ ಕೊಟ್ಟ ನಂಬರ್‌ಗೆ. ಟೈಟ್ರೇಷನ್‌ಗೂ ಅದರದ್ದೇ ಎರರ್ ಇದೆ, ಅದನ್ನೂ ಪಾಪ ಮಾಡೆಲ್ ತನ್ನ ತಲೆ ಮೇಲೆ ಹೊತ್ಕೊಂಡು ನಿಂತಿದೆ. ರೆಫರೆನ್ಸ್ ಎರರ್ ಎಷ್ಟು ಅಂತ ಗೊತ್ತಿದ್ರೆ ಅದನ್ನ ವರ್ಗ ಮಾಡಿ ಕಳೀಬಹುದು.

ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಬದಲಾಗೋ ಫಾರ್ಮುಲಾ ಬಗ್ಗೆ ಕೇಳಿದ್ರಿ, ಇದೆ. 1990ರ ದಶಕದಲ್ಲಿ ಫೇಬರ್ ಮತ್ತು ಕೊವಾಲ್ಸ್ಕಿ ಈ ಬಗ್ಗೆ ಕೂತು ಕೆಲಸ ಮಾಡಿದ್ರು, ಆಮೇಲೆ 2006ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ, ಮಲ್ಟಿವೇರಿಯೇಟ್ (ಒಟ್ಟಿಗೆ ಹಲವು ವೇವ್‌ಲೆಂಗ್ತ್ ಬಳಸೋ) ಕ್ಯಾಲಿಬ್ರೇಷನ್‌ನ ಅನಿಶ್ಚಿತತೆ ಮೇಲೇ ಒಂದು ಟೆಕ್ನಿಕಲ್ ರಿಪೋರ್ಟ್ ತಂತು. ಬಳಸೋಕೆ ಸುಲಭವಾದ ರೂಪ ಹೀಗಿದೆ:

ವೇರಿಯೆನ್ಸ್ = (1 + ಲಿವರೇಜ್) × ಎಂಎಸ್‌ಇಸಿ − ರೆಫರೆನ್ಸ್ ವೇರಿಯೆನ್ಸ್

ಲಿವರೇಜ್ ಅಂದ್ರೆ ಈ ಸ್ಯಾಂಪಲ್‌ನ ಸ್ಕೋರ್‌ಗಳು ಕ್ಯಾಲಿಬ್ರೇಷನ್ ಗುಂಪಿನ ಮಧ್ಯದಿಂದ ಎಷ್ಟು ದೂರ ಇವೆ ಅನ್ನೋದು, ಗುಂಪಿನ ಹರವಿಗೆ ಹೋಲಿಸಿ. ಮೀನ್ ಸೆಂಟರಿಂಗ್ ಮಾಡಿದ್ರೆ 1/60 ಅನ್ನೋ ತುಣುಕೂ ಅದರಲ್ಲಿ ಸೇರಿಸಬೇಕು. ಎಂಎಸ್‌ಇಸಿ ಅಂದ್ರೆ ಆರ್‌ಎಂಎಸ್‌ಇಸಿಯ ವರ್ಗ, ಅದರ ಲೆಕ್ಕದಲ್ಲಿ ಒಂದು ಎಚ್ಚರಿಕೆ, ನಿಮ್ಮ ಸಾಫ್ಟ್‌ವೇರ್ ಬಹುಶಃ 60ರಿಂದ ಭಾಗಿಸಿ 0.23 ತೋರಿಸ್ತಿದೆ. ಭಾಗಿಸಬೇಕಾಗಿರೋದು 60 − 4 − 1 = 55ರಿಂದ. ಹಾಗೆ ಮಾಡಿದ್ರೆ 0.24 ಆಗತ್ತೆ, ವರ್ಗ 0.0576. (ಪಿಎಲ್‌ಎಸ್ ರೆಫರೆನ್ಸ್ ನಂಬರ್ ನೋಡ್ಕೊಂಡೇ ಫ್ಯಾಕ್ಟರ್ ಕಟ್ಟೋದ್ರಿಂದ ಒಂದು ಫ್ಯಾಕ್ಟರ್‌ಗೆ ಒಂದಕ್ಕಿಂತ ಜಾಸ್ತಿ ಡಿಗ್ರೀಸ್ ಆಫ್ ಫ್ರೀಡಂ ತಿನ್ನತ್ತೆ, ಹಾಗಾಗಿ 55 ಕೂಡ ಸ್ವಲ್ಪ ಉದಾರವೇ, ಆದ್ರೆ 60 ಸ್ಯಾಂಪಲ್‌ಗೆ 4 ಫ್ಯಾಕ್ಟರ್ ಇರುವಾಗ ಸದ್ಯಕ್ಕೆ ಸಾಕು.)

ಟೈಟ್ರೇಷನ್ ಎರರ್ ಎಷ್ಟು ಅಂತ ನೀವು ಹೇಳಿಲ್ಲ. ಡೂಪ್ಲಿಕೇಟ್ ಮಾಡಿದ ಡೇಟಾ ಏನಾದ್ರೂ ಇದೆಯಾ? ಮತ್ತೆ ಆ 5.6ರ ಸ್ಯಾಂಪಲ್‌ನ ಲಿವರೇಜ್ ಎಷ್ಟು?

ಹುಡಿ_ಲ್ಯಾಬ್:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. 15 ಸ್ಯಾಂಪಲ್‌ಗೆ ಡೂಪ್ಲಿಕೇಟ್ ಟೈಟ್ರೇಷನ್ ಮಾಡಿದ್ದ ಹಳೇ ಶೀಟ್ ಸಿಕ್ತು. ಪ್ರತಿ ಜೋಡಿಯ ವ್ಯತ್ಯಾಸ ತಗೊಂಡು ವರ್ಗ ಮಾಡಿ ಎಲ್ಲಾ ಕೂಡಿಸಿ 30ರಿಂದ ಭಾಗಿಸಿ ವರ್ಗಮೂಲ ತೆಗೆದೆ, 0.20 ಬಂತು. ಅಂದ್ರೆ ವೇರಿಯೆನ್ಸ್ 0.04. ಇಷ್ಟು ದೊಡ್ಡದಿರತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ.

5.6ರ ಸ್ಯಾಂಪಲ್ ಲಿವರೇಜ್ 0.31. ಕ್ಯಾಲಿಬ್ರೇಷನ್‌ನಲ್ಲಿ ಅತಿ ಹೆಚ್ಚು ಇದ್ದಿದ್ದು 0.22.

ಹಳೇ_ಸ್ಪೆಕ್ಟ್ರಮ್:

ಸರಿ, ಹಾಗಾದ್ರೆ ಲೆಕ್ಕ ಹಾಕೇ ಬಿಡೋಣ. ನಿಮ್ಮ ಕ್ಯಾಲಿಬ್ರೇಷನ್‌ನ ಸರಾಸರಿ ಲಿವರೇಜ್ 5/60, ಅಂದ್ರೆ 0.083. ಮಧ್ಯದ ಒಂದು ಮಾಮೂಲಿ ಸ್ಯಾಂಪಲ್‌ಗೆ ಇದನ್ನೇ ಹಾಕಿದ್ರೆ 1.083 × 0.0576 = 0.0624, ಅದರಲ್ಲಿ 0.04 ಕಳೆದ್ರೆ 0.0224, ವರ್ಗಮೂಲ 0.15. ಎರಡರಿಂದ ಗುಣಿಸಿದ್ರೆ ± 0.30. 0.31 ಲಿವರೇಜ್‌ಗೆ ಅದೇ ಲೆಕ್ಕ ಮಾಡಿದ್ರೆ 0.188 ಬರತ್ತೆ, ± 0.38.

ಆದ್ರೆ ಆ ಎರಡನೇ ನಂಬರ್ ದಯವಿಟ್ಟು ರಿಪೋರ್ಟ್‌ನಲ್ಲಿ ಬರೀಬೇಡಿ. ಕ್ಯಾಲಿಬ್ರೇಷನ್‌ನ ಗರಿಷ್ಠ ಲಿವರೇಜ್ ದಾಟಿದ ಸ್ಯಾಂಪಲ್ ಅಂದ್ರೆ ಮಾಡೆಲ್ ನೋಡೇ ಇರದ ಜಾಗ, ಅಲ್ಲಿ ನೇರ ಗೆರೆ ಹಾಗೇ ಮುಂದುವರೀತದೆ ಅಂತ ಈ ಫಾರ್ಮುಲಾ ಸುಮ್ನೆ ನಂಬ್ಕೊಂಡಿದೆ. ಅದನ್ನ ಎಕ್ಸ್‌ಟ್ರಾಪೊಲೇಷನ್ ಅಂತ ಗುರುತು ಹಾಕಿ ಟೈಟ್ರೇಷನ್‌ಗೇ ಕಳಿಸಿ.

ಇನ್ನೊಂದು ವಿಷಯ ಹೇಳೋದು ಮರೆತೆ, ± 0.30 ಅನ್ನೋದು ಸ್ಯಾಂಪಲ್‌ನ ನಿಜವಾದ ನೀರಿನ ಅಂಶದ ಬಗ್ಗೆ. ಯಾರಾದ್ರೂ ಅದೇ ಸ್ಯಾಂಪಲ್ ತಗೊಂಡು ಹೋಗಿ ಒಂದು ಟೈಟ್ರೇಷನ್ ಮಾಡಿ ನಿಮ್ಮ ನಂಬರ್‌ಗೆ ತಾಳೆ ನೋಡ್ತಾರೆ ಅಂದ್ರೆ ಅವರ ಟೈಟ್ರೇಷನ್ ಎರರ್ ಕೂಡ ಮಧ್ಯೆ ಬರತ್ತೆ, ಆಗ 0.04 ಕಳೀಬಾರದು, ± 0.50 ಒಳಗೆ ಇದ್ರೆ ಸರಿ. ರಿಪೋರ್ಟ್‌ನಲ್ಲಿ ಯಾವುದು ಅಂತ ಒಂದು ವಾಕ್ಯ ಬರೆದಿಡಿ, ಇಲ್ಲಾಂದ್ರೆ ನಾಳೆ ಯಾರೋ 0.4 ವ್ಯತ್ಯಾಸ ತೋರಿಸಿ ನಿಮ್ಮ ಮಾಡೆಲ್ ಕೆಟ್ಟಿದೆ ಅಂತಾರೆ.

ಬ್ಯುರೆಟ್_ಹಿಡಿದವರು:

ನಾನು ಕೆಮೊಮೆಟ್ರಿಕ್ಸ್ (ರಸಾಯನಶಾಸ್ತ್ರದ ಡೇಟಾಗೆ ಅಂಕಿಅಂಶ ಬಳಸೋ) ಜನ ಅಲ್ಲ, ಟೈಟ್ರೇಷನ್ ಟೇಬಲ್ ಮುಂದೆ ವರ್ಷಗಟ್ಟಲೆ ನಿಂತವಳು. ಮೇಲಿನ ಲೆಕ್ಕ ಓದಿದೆ, ಅರ್ಥ ಆಯ್ತು, ಆದ್ರೆ ಎರಡು ಕಡೆ ನನಗೆ ಸಮಾಧಾನ ಇಲ್ಲ.

ಒಂದು, ಆ 0.20 ನಂಬರ್ ಮೇಲೆ ಇಡೀ ಲೆಕ್ಕ ನಿಂತಿದೆ, ಅದು ಬಂದಿರೋದು 15 ಜೋಡಿಯಿಂದ. 15 ಜೋಡಿಯಿಂದ ಬಂದ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೇ ಸುಮಾರು 18 ಶೇಕಡಾ ಅನಿಶ್ಚಿತತೆ ಇರತ್ತೆ. ಅಂದ್ರೆ ನಿಜವಾಗಿ ಅದು 0.16 ಇರಬಹುದು, 0.24 ಕೂಡ ಇರಬಹುದು. ಸರ್ ಬರೆದ ಫಾರ್ಮುಲಾದಲ್ಲೇ ಹಾಕಿ ನೋಡಿ, 0.16 ಆದ್ರೆ ಉತ್ತರ 0.19, 0.24 ಆದ್ರೆ 0.07. ಎಲ್ಲಿಯ 0.07 ಎಲ್ಲಿಯ 0.19! ಎರಡು ದೊಡ್ಡ ನಂಬರ್‌ಗಳನ್ನ ಕಳೆದು ಉಳಿದ ಚಿಕ್ಕ ನಂಬರ್ ನಂಬೋದು ಯಾವಾಗ್ಲೂ ಅಪಾಯ. ರೆಫರೆನ್ಸ್ ಎರರ್ ಇನ್ನೂ ಸ್ವಲ್ಪ ದೊಡ್ಡದಿದ್ರೆ ವೇರಿಯೆನ್ಸ್ ಮೈನಸ್ ಬರತ್ತೆ, ಆಗ ಏನ್ ಬರೀತೀರಿ?

ಅದಲ್ಲದೆ ಡೂಪ್ಲಿಕೇಟ್ ಎರಡನ್ನೂ ಒಂದೇ ದಿನ ಒಂದೇ ರೀಏಜೆಂಟ್ ಬಾಟಲಿಯಿಂದ ಮಾಡಿದ್ರಾ? ಹಾಗಿದ್ರೆ ದಿನದಿಂದ ದಿನಕ್ಕೆ ಆಗೋ ವ್ಯತ್ಯಾಸ ಅದರಲ್ಲಿ ಇಲ್ವೇ ಇಲ್ಲ. ರೀಏಜೆಂಟ್‌ನ ಟೈಟರ್ (ಅದು ನಿಜವಾಗಿ ಎಷ್ಟು ಸ್ಟ್ರಾಂಗ್ ಇದೆ ಅನ್ನೋದು) ಸರಿಯಾಗಿ ನೋಡದೇ ಇದ್ರೆ ಆ ದಿನದ ಎಲ್ಲಾ ನಂಬರ್ ಒಂದೇ ಕಡೆ ವಾಲತ್ತೆ, ಡೂಪ್ಲಿಕೇಟ್ ಎರಡೂ ಒಟ್ಟಿಗೆ ವಾಲೋದ್ರಿಂದ ನಿಮಗೆ ಕಾಣಲ್ಲ.

ಎರಡನೇದು ನನಗೆ ಇನ್ನೂ ಜಾಸ್ತಿ ಕೊರೀತಿರೋದು. ಫಾರ್ಮುಲಾ ಹೇಳ್ತಿರೋದು 0.15. ವ್ಯಾಲಿಡೇಷನ್‌ನಿಂದ ರೆಫರೆನ್ಸ್ ಎರರ್ ಕಳೆದ್ರೆ 0.28ರ ವರ್ಗ 0.0784, ಅದರಲ್ಲಿ 0.04 ಹೋದ್ರೆ 0.0384, ವರ್ಗಮೂಲ ಸುಮಾರು 0.20. ಈ 0.15ಕ್ಕೂ 0.20ಕ್ಕೂ ನಡುವಿನ ವ್ಯತ್ಯಾಸ ಎಲ್ಲಿಂದ ಬಂತು? 20 ಸ್ಯಾಂಪಲ್ ಅಂತ ಬಿಟ್ಟುಬಿಡಬಹುದು, ಆದ್ರೆ ನಾನಾಗಿದ್ರೆ ಮೊದಲು ಆ 20 ವ್ಯತ್ಯಾಸಗಳನ್ನ ಸಾಲಾಗಿ ಬರೆದು ಪ್ಲಸ್ ಎಷ್ಟು ಮೈನಸ್ ಎಷ್ಟು ಅಂತ ಎಣಿಸ್ತಿದ್ದೆ. ಮತ್ತೆ ಇನ್ನೊಂದು ಕೇಳ್ತೀನಿ, ವ್ಯಾಲಿಡೇಷನ್ ಸ್ಯಾಂಪಲ್‌ಗಳನ್ನ ಸ್ಕ್ಯಾನ್ ಮಾಡಿದ್ದಕ್ಕೂ ಟೈಟ್ರೇಟ್ ಮಾಡಿದ್ದಕ್ಕೂ ನಡುವೆ ಎಷ್ಟು ಹೊತ್ತು ಇತ್ತು? ಪೌಡರ್ ಎಲ್ಲಿ, ಹೇಗೆ ಇಟ್ಟಿದ್ರಿ?

ಮರುಮಾದರಿ:

ಬ್ಯುರೆಟ್ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಬರೋವರೆಗೆ ನಾನು ಇನ್ನೊಂದು ದಾರಿ ಬಗ್ಗೆ ಬರೀತೀನಿ, ಫಾರ್ಮುಲಾ ಇಷ್ಟ ಇಲ್ಲದವರಿಗೆ.

ಬೂಟ್‌ಸ್ಟ್ರ್ಯಾಪ್ ಮಾಡಬಹುದು. 60 ಸ್ಯಾಂಪಲ್‌ಗಳಲ್ಲಿ ವಾಪಸ್ ಹಾಕ್ತಾ 60 ಎತ್ತಬೇಕು, ಮಾಡೆಲ್ ಕಟ್ಟಬೇಕು, ಹೊಸ ಸ್ಯಾಂಪಲ್‌ಗೆ ಉತ್ತರ ತಗೋಬೇಕು, ಹೀಗೆ ಸಾವಿರ ಸಲ. ಆ ಸಾವಿರ ಉತ್ತರಗಳ ಹರವು ನೋಡಿ ಇದೇ ಅನಿಶ್ಚಿತತೆ ಅಂತ ತುಂಬಾ ಜನ ಬರೆದುಬಿಡ್ತಾರೆ, ಅದು ತಪ್ಪು. ಅಲ್ಲಿ ಕಾಣೋದು ಮಾಡೆಲ್ ಎಷ್ಟು ಅಲ್ಲಾಡತ್ತೆ ಅನ್ನೋದು ಮಾತ್ರ, ಮೇಲಿನ ಫಾರ್ಮುಲಾದಲ್ಲಿ ಲಿವರೇಜ್ ಭಾಗ ಇದ್ಯಲ್ಲ ಸುಮಾರಾಗಿ ಅದು. ಹೊಸ ಸ್ಯಾಂಪಲ್‌ನದ್ದೇ ಆದ ನಾಯ್ಸ್, ಮಾಡೆಲ್‌ಗೆ ಹಿಡಿಯದೇ ಉಳಿದ ಭಾಗ, ಅದನ್ನ ಬೇರೆಯಾಗಿ ಸೇರಿಸಬೇಕು. ಸೇರಿಸದೇ ಇದ್ರೆ ಇಂಟರ್ವಲ್ ನೋಡೋಕೆ ಚೆಂದ, 95 ಅಂತ ಹೇಳಿ ಅದರ ಅರ್ಧ ಸ್ಯಾಂಪಲ್‌ಗಳೂ ಒಳಗೆ ಬೀಳದೇ ಇರಬಹುದು.

ಎತ್ತುವಾಗ ಇನ್ನೊಂದು ಎಚ್ಚರ. ಒಂದೇ ಸ್ಯಾಂಪಲ್‌ನ ಮೂರು ಸ್ಕ್ಯಾನ್ ಇದ್ರೆ ಆ ಮೂರೂ ಒಟ್ಟಿಗೇ ಬರಬೇಕು, ಒಟ್ಟಿಗೇ ಹೋಗಬೇಕು. ಸ್ಕ್ಯಾನ್‌ಗಳನ್ನ ಬಿಡಿಬಿಡಿಯಾಗಿ ಎತ್ತಿದ್ರೆ 180 ಸ್ಯಾಂಪಲ್ ಇದೆ ಅಂತ ನಿಮಗೆ ನೀವೇ ಮೋಸ ಮಾಡ್ಕೊಂಡ ಹಾಗೆ. ಕ್ರಾಸ್ ವ್ಯಾಲಿಡೇಷನ್‌ಗೂ (ಕೆಲವು ಸ್ಯಾಂಪಲ್ ಬಿಟ್ಟು ಮಾಡೆಲ್ ಕಟ್ಟಿ, ಬಿಟ್ಟವುಗಳ ಮೇಲೆ ಪರೀಕ್ಷಿಸೋದು) ಇದೇ ಮಾತು, ನಾನು ಬೇರೆಯವರ ಕೆಲಸ ನೋಡುವಾಗ ಮೊದಲು ತಪಾಸಣೆ ಮಾಡೋದೇ ಇದನ್ನ. ಸಾಧ್ಯ ಆದ್ರೆ ಫ್ಯಾಕ್ಟರ್ ಎಷ್ಟು ಅನ್ನೋ ನಿರ್ಧಾರವನ್ನೂ ಪ್ರತಿ ಸುತ್ತಿನಲ್ಲೂ ಹೊಸದಾಗಿ ಮಾಡಿಸಿ, ಯಾಕಂದ್ರೆ 4 ಅಂತ ನೀವು ಆರಿಸಿದ್ದೂ ಡೇಟಾ ನೋಡಿನೇ.

ನನಗೆ ಈಚೆಗೆ ಹೆಚ್ಚು ಹಿಡಿಸಿರೋದು ಕನ್ಫಾರ್ಮಲ್ ಪ್ರೆಡಿಕ್ಷನ್. ಮಾಡೆಲ್ ಕಟ್ಟೋಕೆ ಬಳಸದ ಸ್ಯಾಂಪಲ್‌ಗಳ ಮೇಲೆ ವ್ಯತ್ಯಾಸ ತಗೊಂಡು, ಪ್ಲಸ್ ಮೈನಸ್ ಬಿಟ್ಟು ಗಾತ್ರದ ಪ್ರಕಾರ ಜೋಡಿಸಿ, ಸರಿಯಾದ ಜಾಗದಲ್ಲಿರೋ ನಂಬರ್ ಎತ್ಕೊಳ್ಳೋದು ಅಷ್ಟೇ. ನಾರ್ಮಲ್ ಡಿಸ್ಟ್ರಿಬ್ಯೂಷನ್ ಬೇಡ, ಏನೂ ಬೇಡ. 95 ಶೇಕಡಾಗೆ ಕನಿಷ್ಠ 19 ಸ್ಯಾಂಪಲ್ ಬೇಕು, ನಿಮ್ಮ ಹತ್ರ 20 ಇದೆ, ಆದ್ರೆ 20 ಇದ್ದಾಗ ಆ ಸರಿಯಾದ ಜಾಗ ಅಂದ್ರೆ 20ನೇದು, ಅತಿ ದೊಡ್ಡ ವ್ಯತ್ಯಾಸವೇ. ಒಂದು ಸ್ಯಾಂಪಲ್ ಕೆಟ್ಟಿದ್ರೆ ಇಡೀ ಇಂಟರ್ವಲ್ ಕೆಟ್ಟಂತೆ. ಪ್ರತಿ ವ್ಯತ್ಯಾಸವನ್ನ (1 + ಲಿವರೇಜ್)ನ ವರ್ಗಮೂಲದಿಂದ ಭಾಗಿಸಿ ಜೋಡಿಸಿ, ಆಮೇಲೆ ಹೊಸ ಸ್ಯಾಂಪಲ್‌ನ ಲಿವರೇಜ್ ಹಾಕಿ ವಾಪಸ್ ಗುಣಿಸಿದ್ರೆ ಸ್ಯಾಂಪಲ್‌ಗೆ ತಕ್ಕಂತೆ ಅಗಲ ಬದಲಾಗತ್ತೆ, ನೀವು ಕೇಳಿದ್ದು ಅದೇ ಅಲ್ವಾ. ಆದ್ರೆ ಈ ಇಂಟರ್ವಲ್ ಹಿಡಿಯೋದು ಟೈಟ್ರೇಷನ್ ಕೊಡೋ ನಂಬರನ್ನ, ನಿಜವಾದ ನೀರಿನ ಅಂಶವನ್ನ ಅಲ್ಲ. ಮತ್ತೆ ಹೊಸ ಸ್ಯಾಂಪಲ್‌ಗಳು ಹಳೆಯವುಗಳ ಜಾತಿಯವೇ ಆಗಿರಬೇಕು, ಮಿಲ್ ಬದಲಾಗಿ ಪೌಡರ್ ಸಣ್ಣ ಆಯ್ತು ಅಂದ್ರೆ ಯಾವ ಗ್ಯಾರಂಟಿಯೂ ಇಲ್ಲ.

ಕೊನೆಗೆ ಯಾವ ದಾರಿ ಹಿಡಿದ್ರೂ ಪರೀಕ್ಷೆ ಒಂದೇ, ಹೇಳಿದ ಇಂಟರ್ವಲ್ ಒಳಗೆ ಹೇಳಿದಷ್ಟು ಸ್ಯಾಂಪಲ್ ಬೀಳ್ತಿದ್ಯಾ ಅಂತ ನೋಡೋದು. ಆದ್ರೆ 20ಕ್ಕೆ 20 ಒಳಗೆ ಬಿತ್ತು ಅಂತ ಕುಣೀಬೇಡಿ, ನಿಮ್ಮ ಇಂಟರ್ವಲ್ ನಿಜವಾಗಿ 90 ಶೇಕಡಾದ್ದೇ ಆಗಿದ್ರೂ 20ಕ್ಕೆ 20 ಬೀಳೋ ಸಾಧ್ಯತೆ 12 ಶೇಕಡಾ ಇದೆ. ಆರ್‌ಎಂಎಸ್‌ಇಪಿ ನಂಬರ್‌ಗೂ ಹಾಗೆ, 20 ಸ್ಯಾಂಪಲ್‌ನಿಂದ ಬಂದ 0.28ಕ್ಕೆ ಸುಮಾರು 16 ಶೇಕಡಾ ಅನಿಶ್ಚಿತತೆ, ಅಂದ್ರೆ 0.24 ಕೂಡ ಇರಬಹುದು 0.32 ಕೂಡ ಇರಬಹುದು, ಎರಡನೇ ಡೆಸಿಮಲ್ ಹಿಡ್ಕೊಂಡು ಎರಡು ಮಾಡೆಲ್‌ಗಳನ್ನ ಹೋಲಿಸೋದು ವ್ಯರ್ಥ.

ಹುಡಿ_ಲ್ಯಾಬ್:

ಬ್ಯುರೆಟ್ ಮೇಡಂ, ನಿಮ್ಮ ಪ್ರಶ್ನೆ ಓದಿ ನಾನು ನೇರ ಲ್ಯಾಬ್ ನೋಟ್‌ಬುಕ್ ತೆಗೆದೆ. 20 ವ್ಯತ್ಯಾಸ ಸಾಲಾಗಿ ಬರೆದೆ, ಎನ್‌ಐಆರ್ ಮೈನಸ್ ಟೈಟ್ರೇಷನ್. 15 ಮೈನಸ್, 5 ಮಾತ್ರ ಪ್ಲಸ್. ಸರಾಸರಿ −0.13. ಅದನ್ನ ತೆಗೆದ್ಮೇಲೆ ಉಳಿದ ಹರವು, ಅಂದ್ರೆ ಎಸ್‌ಇಪಿ, 0.254.

ಟಿ ಟೆಸ್ಟ್ ಮಾಡಿದೆ: 0.13 × √20 ಭಾಗಿಸು 0.254 = 2.29, 19 ಡಿಗ್ರೀಸ್ ಆಫ್ ಫ್ರೀಡಂಗೆ ಟೇಬಲ್‌ನಲ್ಲಿ 2.09. ದಾಟಿದೆ. ಬಯಾಸ್, ಅಂದ್ರೆ ಒಂದೇ ಕಡೆ ವಾಲೋ ಎರರ್, ಇದೆ. ಮತ್ತೆ 0.254ರ ವರ್ಗದಿಂದ 0.04 ಕಳೆದು ವರ್ಗಮೂಲ ತೆಗೆದ್ರೆ 0.157, ಫಾರ್ಮುಲಾ ಹೇಳಿದ 0.15ರ ಪಕ್ಕದಲ್ಲೇ ಬಂದು ಕೂತ್ಕೊಳ್ತು. ಅಂದ್ರೆ ನಡುವಿನ ಆ ವ್ಯತ್ಯಾಸ ಪೂರ್ತಿ ಬಯಾಸ್‌ದೇ.

ಈಗ ನೀವು ಕೇಳಿದ ಹೊತ್ತಿನ ವಿಷಯ. ಕ್ಯಾಲಿಬ್ರೇಷನ್ ಸ್ಯಾಂಪಲ್‌ಗಳನ್ನ ಒಂದೊಂದಾಗಿ ಸ್ಕ್ಯಾನ್ ಮಾಡಿ ತಕ್ಷಣ ಟೈಟ್ರೇಷನ್‌ಗೆ ಕೊಡ್ತಿದ್ದೆ, ಪಕ್ಕದ ಟೇಬಲ್ಲೇ. ವ್ಯಾಲಿಡೇಷನ್ 20ನ್ನ ಮಾತ್ರ ಬೆಳಗ್ಗೆ ಒಟ್ಟಿಗೆ ಸ್ಕ್ಯಾನ್ ಮಾಡಿ ಮುಗಿಸಿದ್ವಿ, ಟೈಟ್ರೇಟರ್ ಬೇರೆ ಕೆಲಸದಲ್ಲಿತ್ತು, ಸಂಜೆವರೆಗೆ ಸ್ಯಾಂಪಲ್‌ಗಳು ಟ್ರೇನಲ್ಲೇ ಇದ್ವು. ಈಗ ಹೋಗಿ ಆ ವಯಲ್‌ಗಳನ್ನ ನೋಡಿದೆ, ಒತ್ತಿ ಮುಚ್ಚೋ ಥರದ ಪ್ಲಾಸ್ಟಿಕ್ ಮುಚ್ಚಳ, ಅರ್ಧಕ್ಕರ್ಧ ಮುಚ್ಚಳಗಳು ಬೆರಳಲ್ಲಿ ಮೆತ್ತಗೆ ತಳ್ಳಿದ್ರೆ ಮೇಲೇಳತ್ತೆ. ಈ ಪೌಡರ್ ಗಾಳಿಯಲ್ಲಿರೋ ನೀರು ಎಳ್ಕೊಳ್ಳತ್ತೆ ಅಂತ ಎಲ್ಲರಿಗೂ ಗೊತ್ತು. ಬೆಳಗ್ಗೆ ಎನ್‌ಐಆರ್ ನೋಡಿದ ಪೌಡರ್ ಬೇರೆ, ಸಂಜೆ ಟೈಟ್ರೇಟರ್ ನೋಡಿದ ಪೌಡರ್ ಬೇರೆ. ಟೈಟ್ರೇಷನ್ ಜಾಸ್ತಿ ತೋರಿಸಿದ್ದು ಅದಕ್ಕೇ ಇರಬೇಕು.

ಈಗ 0.13ನ್ನ ಎಲ್ಲಾ ಉತ್ತರಕ್ಕೂ ಕೂಡಿಸಿ ಸರಿ ಮಾಡ್ಕೊಳ್ಲಾ, ಅಥವಾ ಅನಿಶ್ಚಿತತೆಯಲ್ಲಿ ಸೇರಿಸಿಬಿಡ್ಲಾ?

ಬ್ಯುರೆಟ್_ಹಿಡಿದವರು:

ಎರಡೂ ಬೇಡ! ನೀವು ಊಹಿಸಿರೋದು ನಿಜ ಆದ್ರೆ ತಪ್ಪಿರೋದು ಟೈಟ್ರೇಷನ್‌ಗೆ ಹೋದ ಸ್ಯಾಂಪಲ್‌ನಲ್ಲಿ, ಎನ್‌ಐಆರ್‌ನಲ್ಲಿ ಅಲ್ಲ. 0.13 ಕೂಡಿಸಿದ್ರೆ ಸರಿಯಾಗಿರೋ ಮಾಡೆಲ್ಲನ್ನ ನೀವೇ ಕೈಯಾರೆ ಕೆಡಿಸಿದ ಹಾಗಾಗತ್ತೆ. ಗೊತ್ತಿರೋ ಬಯಾಸನ್ನ ಹಾಗೇ ಬಿಟ್ಟು ± ಅಗಲ ಮಾಡೋದು ಕೂಡ ಸರಿಯಲ್ಲ, 1993ರಲ್ಲಿ ಮೊದಲು ಬಂದ ಜಿಯುಎಂ (ಅಳತೆಯ ಅನಿಶ್ಚಿತತೆ ಬರೆಯೋದು ಹೇಗೆ ಅನ್ನೋ ಅಂತರರಾಷ್ಟ್ರೀಯ ಗೈಡ್) ಹೇಳೋದೂ ಅದನ್ನೇ, ಗೊತ್ತಿರೋ ಸಿಸ್ಟಮ್ಯಾಟಿಕ್ ಪರಿಣಾಮಕ್ಕೆ ತಿದ್ದುಪಡಿ ಮಾಡಿ, ಆ ತಿದ್ದುಪಡಿಯ ಅನಿಶ್ಚಿತತೆಯನ್ನ ಮಾತ್ರ ಲೆಕ್ಕಕ್ಕೆ ಸೇರಿಸಿ ಅಂತ. ಆದ್ರೆ ಇಲ್ಲಿ ತಿದ್ದಬೇಕಾಗಿರೋದು ಪ್ರಯೋಗವನ್ನ.

ಹೊಸದಾಗಿ ಒಂದು 12 ಸ್ಯಾಂಪಲ್ ತಗೊಳ್ಳಿ, ರಬ್ಬರ್ ಸೆಪ್ಟಮ್ ಇರೋ ಕ್ರಿಂಪ್ ವಯಲ್‌ನಲ್ಲಿ, ಸ್ಕ್ಯಾನ್ ಆದ ತಕ್ಷಣ ಟೈಟ್ರೇಟ್ ಮಾಡಿ, ಒಂದೊಂದಕ್ಕೂ ಮೂರು ಟೈಟ್ರೇಷನ್ ಮಾಡಿ ಸರಾಸರಿ ತಗೊಳ್ಳಿ. ಮೂರರ ಸರಾಸರಿ ಅಂದ್ರೆ ರೆಫರೆನ್ಸ್ ವೇರಿಯೆನ್ಸ್ 0.04 ಇದ್ದದ್ದು 0.0133 ಆಗತ್ತೆ, ಕಳೆಯೋ ನಂಬರ್ ಚಿಕ್ಕದಾದಷ್ಟೂ ಉಳಿಯೋ ನಂಬರ್ ಮೇಲೆ ನಂಬಿಕೆ ಜಾಸ್ತಿ. ಮೂರನ್ನೂ ಒಂದೇ ದಿನ ಮಾಡಬೇಡಿ ಅಂತ ಹೇಳೋ ಆಸೆ, ಆದ್ರೆ ಈ ಪೌಡರ್‌ಗೆ ಅದು ಆಗಲ್ಲ, ಹಾಗಾಗಿ 12 ಸ್ಯಾಂಪಲ್‌ಗಳನ್ನ ನಾಲ್ಕು ದಿನಕ್ಕೆ ಹಂಚಿ, ಪ್ರತಿ ದಿನ ಬೆಳಗ್ಗೆ ಟೈಟರ್ ನೋಡಿ.

ಹಳೇ_ಸ್ಪೆಕ್ಟ್ರಮ್:

ಮೇಡಂ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮುಚ್ಚಳದ ವಿಷಯ ನನಗೆ ಹೊಳೆದಿರ್ಲಿಲ್ಲ, ನಾನು ಲ್ಯಾಂಪ್ ಬದಲಾಯ್ಸಿದ್ರಾ ಅಂತ ಕೇಳೋದ್ರಲ್ಲಿದ್ದೆ. ಒಂದು ಮಾತ್ರ ಸೇರಿಸ್ತೀನಿ, ಹೊಸ 12ಕ್ಕೆ ಲಿವರೇಜ್ ಜೊತೆ ಕ್ಯೂ ರೆಸಿಡ್ಯುಯಲ್ ಕೂಡ ಬರೆದಿಡಿ, ಅಂದ್ರೆ ಸ್ಪೆಕ್ಟ್ರಮ್‌ನಲ್ಲಿ ಮಾಡೆಲ್‌ಗೆ ವಿವರಿಸೋಕಾಗದೇ ಉಳಿದ ಭಾಗ. ಪೌಡರ್‌ನಲ್ಲಿ ಹೊಸ ವಸ್ತು ಏನಾದ್ರೂ ಸೇರಿದ್ರೆ ಲಿವರೇಜ್ ಚಿಕ್ಕದೇ ಇದ್ದು ಕ್ಯೂ ಎದ್ದು ನಿಲ್ಲಬಹುದು. ಅಂಥ ಸ್ಯಾಂಪಲ್‌ಗೆ ಫಾರ್ಮುಲಾ ಚಿಕ್ಕ ± ಕೊಡತ್ತೆ, ಆ ಚಿಕ್ಕ ± ನಂಬಬಾರದು. ಅದರ ಸ್ಪೆಕ್ಟ್ರಮ್ ನೀರಿನ ಬ್ಯಾಂಡ್ ಮೇಲೇ ಬಂದು ಕೂತ್ರೆ ಮಾತ್ರ ಕ್ಯೂ ಕೂಡ ಹಿಡಿಯಲ್ಲ, ಅದಕ್ಕೆ ಆಗಾಗ ಟೈಟ್ರೇಷನ್ ಮಾಡಿ ತಾಳೆ ನೋಡೋದು ಬಿಟ್ರೆ ನನಗೆ ಬೇರೆ ದಾರಿ ಗೊತ್ತಿಲ್ಲ.

ಹುಡಿ_ಲ್ಯಾಬ್:

ಎಲ್ಲರಿಗೂ ಅಪ್‌ಡೇಟ್. 12 ಸ್ಯಾಂಪಲ್ ಮುಗೀತು, ಕ್ರಿಂಪ್ ವಯಲ್, ನಾಲ್ಕು ದಿನ, ದಿನಕ್ಕೆ ಮೂರು, ಒಂದೊಂದಕ್ಕೂ ಮೂರು ಟೈಟ್ರೇಷನ್, ಬೆನ್ನು ನೋವು ಬಂದ್ರೂ ಬಿಡ್ಲಿಲ್ಲ.

ಬಯಾಸ್ −0.03. ಎಸ್‌ಇಪಿ 0.19. ಟಿ 0.55, 11 ಡಿಗ್ರೀಸ್ ಆಫ್ ಫ್ರೀಡಂಗೆ ಬೇಕಾಗಿದ್ದು 2.20, ಹತ್ರಾನೂ ಇಲ್ಲ. 0.19ರ ವರ್ಗ 0.0361, ಅದರಲ್ಲಿ 0.0133 ಕಳೆದ್ರೆ 0.0228, ವರ್ಗಮೂಲ 0.151. ಮಾಡೆಲ್‌ನ ಒಂದು ನಂಬರ್ ಕೂಡ ನಾನು ಮುಟ್ಟಿಲ್ಲ, ಅದೇ 60 ಸ್ಯಾಂಪಲ್ ಅದೇ 4 ಫ್ಯಾಕ್ಟರ್, ಆದ್ರೂ ಆರ್‌ಎಂಎಸ್‌ಇಪಿ 0.28 ಅಂತಿದ್ದದ್ದು 0.18ಕ್ಕೆ ಇಳೀತು, ಬರೀ ಮುಚ್ಚಳ ಸರಿ ಮಾಡಿ ಟೈಟ್ರೇಷನ್ ಮೂರು ಸಲ ಮಾಡಿದ್ದಕ್ಕೆ. ಎರಡು ವಾರ ನಾನು ಪ್ರೀ ಪ್ರೊಸೆಸಿಂಗ್ ಬದಲಾಯಿಸ್ತಾ ಕೂತಿದ್ದೆ.

ರಿಪೋರ್ಟ್‌ನಲ್ಲಿ ಈಗ ಹೀಗೆ ಬರೀತಿದೀನಿ: ಪ್ರತಿ ಸ್ಯಾಂಪಲ್‌ಗೂ ಅದರ ಲಿವರೇಜ್‌ನಿಂದ ಬಂದ ±, ಕೆ = 2 (ಅಂದ್ರೆ ಎರಡರಿಂದ ಗುಣಿಸಿದ್ದು), ಇದು ನಿಜವಾದ ನೀರಿನ ಅಂಶಕ್ಕೆ ಸಂಬಂಧಿಸಿದ್ದು ಅಂತ ಒಂದು ಸಾಲು, ಲಿವರೇಜ್ 0.22 ದಾಟಿದ್ರೆ ಅಥವಾ ಕ್ಯೂ ಲಿಮಿಟ್ ದಾಟಿದ್ರೆ ಎನ್‌ಐಆರ್ ನಂಬರ್ ಕೊಡಲ್ಲ, ಟೈಟ್ರೇಷನ್. 5.6ರ ಸ್ಯಾಂಪಲ್ ಹಾಗೇ ಕಳಿಸಿದೆ, 5.9 ಬಂತು.

ಇನ್ನೊಂದು ಪ್ರಶ್ನೆ ಉಳೀತು, ಕಪ್ ಮೂರು ಸಲ ತುಂಬಿ ಸರಾಸರಿ ತಗೊಂಡ್ರೆ ± ಎಷ್ಟು ಇಳಿಯಬಹುದು?

ಮರುಮಾದರಿ:

ನಿಮ್ಮ ನಂಬರ್‌ನಲ್ಲೇ ಉತ್ತರ ಇದೆ. ಕಪ್ ತುಂಬೋದ್ರಿಂದ ಬರೋ ಭಾಗ 0.09ರ ವರ್ಗ, 0.0081. ಒಟ್ಟು ವೇರಿಯೆನ್ಸ್ 0.0224ರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ. ಮೂರು ಸಲ ತುಂಬಿದ್ರೆ ಆ ಭಾಗ 0.0027 ಆಗತ್ತೆ, ಒಟ್ಟು 0.0170, ವರ್ಗಮೂಲ 0.13. ಅಂದ್ರೆ ± 0.30 ಇದ್ದದ್ದು ± 0.26. ಕ್ಯಾಲಿಬ್ರೇಷನ್ ಒಂದೇ ಸಲ ತುಂಬಿ ಮಾಡಿರೋದ್ರಿಂದ ಈ ಲೆಕ್ಕ ನಡಿಯತ್ತೆ. ಕಪ್ ಅಲ್ಲಾಡಿಸದೆ ಹತ್ತು ಸಲ ಸ್ಕ್ಯಾನ್ ಮಾಡಿದ್ರೆ ಮಾತ್ರ ಏನೂ ಸಿಗಲ್ಲ, ಆ 0.03ರ ಪಾಲು ಒಟ್ಟು ವೇರಿಯೆನ್ಸ್‌ನಲ್ಲಿ 4 ಶೇಕಡಾ ಅಷ್ಟೇ.

ಬ್ಯುರೆಟ್_ಹಿಡಿದವರು:

5.9 ಬಂತು ಅಂದ್ರಲ್ಲ, ಅದು ಒಂದು ಟೈಟ್ರೇಷನ್ನಾ ಮೂರಾ? ಒಂದಾದ್ರೆ ಇನ್ನೆರಡು ಮಾಡಿ, ವಯಲ್ ಇವತ್ತೇ ತೆಗೆದದ್ದು ಆಗಿದ್ರೆ ಮಾತ್ರ.